ತೀರ್ಥಹಳ್ಳಿಯೆಂಬ ಪರದೇಶ

ಸಾಗರ

ಪರದೇಶ ಎಂದರೆ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸಮುದ್ರ ದಾಟಿದರೆ ಪರದೇಶ ಎಂದು ಹಿಂದಿನವರು ತಿಳಿದಿದ್ದರು. ಅವರ ಕಾಲಕ್ಕೆ ಅದು ಸರಿ. ನನ್ನ ಪ್ರಕಾರ, ನಮ್ಮನ್ನು ಕಂಡು ಯಾರೂ "ಎಂತ ಮಾಷ್ಟ್ರೇ, ಎಲ್ಲಿಗೆ ಹೊರಟಿದ್ದು?" ಎಂದು ಕೇಳದ ಮೊದಲ ಊರೇ ಪರದೇಶ. ಸಾಗರದಲ್ಲಿ ಹುಟ್ಟಿ, ಸಾಗರದ ಮಕ್ಕಳಿಗೇ ಕನ್ನಡ ವ್ಯಾಕರಣ ಕಲಿಸಿ, ಸಾಗರದಲ್ಲೇ ನಿವೃತ್ತನಾದ ನನಗೆ ಅದು ತೀರ್ಥಹಳ್ಳಿಯಿಂದ ಶುರುವಾಗುತ್ತದೆ. ಸಿಂಗಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋಟೆಲು ಇಟ್ಟಿದ್ದಾನಂತೆ. ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಪ್ರಯಾಣದ ಉದ್ದೇಶವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವರು ದೇಶ ನೋಡಲು ಹೋಗುತ್ತಾರೆ, ಕೆಲವರು ದೇವರನ್ನು ನೋಡಲು. ನಾನು ಹೊರಟದ್ದು ಕುಡಿತ ಬಿಟ್ಟವರ, ಬಿಡುತ್ತಿರುವವರ, ಬಿಡುತ್ತೇನೆಂದು ಹೇಳುತ್ತಿರುವವರ ಸಭೆಗೆ. ನಾನು ಮೂರನೆಯ ವರ್ಗದವನು.

ಅಂಥ ಸಭೆ ಸಾಗರದಲ್ಲೂ ಉಂಟು. "ಭಾನುವಾರ ಇಲ್ಲೇ ಇದೆಯಲ್ಲ ಮಾಷ್ಟ್ರೇ, ನಡ್ಕೊಂಡೇ ಹೋಗ್ಬೌದು" ಎಂದರು ನಮ್ಮ ಡಾಕ್ಟರು. ತೊಂದರೆಯೇ ಅದು. ನಡೆದು ಹೋಗುವ ದಾರಿಯ ಎರಡೂ ಬದಿಗೆ ನನ್ನ ಕೈಯಲ್ಲಿ ಪೆಟ್ಟು ತಿಂದವರೇ ಅಂಗಡಿ ಇಟ್ಟಿದ್ದಾರೆ. ಕುಡಿಯಲು ಹೋಗುವುದಕ್ಕೆ ಯಾರಿಗೂ ಕಾಣದ ಒಂದು ಓಣಿ ನನಗೆ ಗೊತ್ತಿತ್ತು. ಬಿಡಲು ಹೋಗುವವನಿಗೆ ಅಂಥ ಸೌಕರ್ಯವನ್ನು ಪುರಸಭೆ ಇನ್ನೂ ಮಾಡಿಕೊಟ್ಟಿಲ್ಲ. "ಹಾಗಾದ್ರೆ ತೀರ್ಥಹಳ್ಳೀಲಿ ಶನಿವಾರ" ಎಂದರು ಡಾಕ್ಟರು, ನನ್ನ ಮುಖ ನೋಡಿ.

ನನ್ನ ಹೆಂಡತಿ ಸಾವಿತ್ರಿಗೆ ಸಕ್ಕರೆ ಕಾಯಿಲೆ. ಕಣ್ಣೂ ಮಂಜು, ಸಿರಿಂಜಿನ ಗೆರೆ ಕಾಣುವುದಿಲ್ಲ. ಹಾಗಾಗಿ ಬೆಳಗ್ಗೆ ಸಂಜೆ ಊಟಕ್ಕೆ ಮೊದಲು ಅವಳಿಗೆ ಇನ್ಸುಲಿನ್ ಚುಚ್ಚುವ ಕೆಲಸ ನನ್ನದಾಗಿತ್ತು. ಬೇಸಿಗೆಯ ಮೊದಲಿಗೆ ಒಂದು ಸಂಜೆ, ಕುಡಿದ ಅಮಲಿನಲ್ಲಿ, ಚುಚ್ಚಿದ್ದನ್ನು ಮರೆತು ಮತ್ತೊಮ್ಮೆ ಚುಚ್ಚಿದೆ. "ಈಗಷ್ಟೇ ಆತಲ್ಲ" ಎಂದು ಅವಳು ಹೇಳಿದ್ದಳಂತೆ. "ನಿಂಗೆ ಭ್ರಮೆ" ಎಂದು ನಾನು ಗದರಿದ್ದೆನಂತೆ. ಅವಳು ಬೆವರಿ ಕುಸಿಯುವಾಗ ಪಕ್ಕದ ಮನೆಯ ಲಲಿತಕ್ಕ ಬಂದು ಸಕ್ಕರೆ ನೀರು ಕುಡಿಸಿ, ಆಟೋ ತರಿಸಿ, ಆಸ್ಪತ್ರೆಗೆ ಸೇರಿಸಿದಳು. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಮನೆಗೆ ಬಂದ ಮೇಲೆ ಸಾವಿತ್ರಿ ಅಂದದ್ದು ಒಂದೇ ಮಾತು: "ಇನ್ನು ನಿಂಗಳ ಕೈಯಿಂದ ಬ್ಯಾಡ." ಅಂದಿನಿಂದ ಹೊತ್ತು ಹೊತ್ತಿಗೆ ಲಲಿತಕ್ಕ ಬರುತ್ತಾಳೆ. ನಾನು ಜಗಲಿಗೆ ಎದ್ದು ಹೋಗುತ್ತೇನೆ. ನಲವತ್ತು ವರ್ಷದ ಸಂಸಾರದಲ್ಲಿ ನನಗಿದ್ದ ಒಂದೇ ಉಪಯುಕ್ತ ಹುದ್ದೆ ಹೀಗೆ ಹೋಯಿತು. ಅದನ್ನು ಮರಳಿ ಪಡೆಯುವುದು ಈ ಯಾತ್ರೆಯ ಉದ್ದೇಶ.

ಶನಿವಾರ ಬೆಳಗ್ಗೆ ಬಿಳಿ ಪಂಚೆ ಉಟ್ಟೆ. "ತೀರ್ಥಹಳ್ಳಿಲಿ ತಾಳಮದ್ದಳೆ ಇದ್ದು. ಭೀಷ್ಮನ ಅರ್ಥ ನಂದು" ಎಂದೆ. ರಾತ್ರಿಯಿಡೀ ನಡೆಯುವ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹವ್ಯಾಸ ನನಗೆ ಹಳೆಯದು. ಕುಳಿತಲ್ಲೇ ಭೀಷ್ಮನಾಗಿ, ಪ್ರತಿಜ್ಞೆ ಎಂದರೇನೆಂದು ಅರ್ಧ ಗಂಟೆ ವಾದಿಸಬಲ್ಲೆ.

"ಹಗಲೊತ್ತಿಗಾ?" ಎಂದಳು ಸಾವಿತ್ರಿ.

"ಹಗಲೊತ್ತಿಗೇ."

ಮನೆಯಿಂದ ಹೊರಡುವಾಗ "ಹೋಗಿ ಬತ್ತಿ" ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಸುಳ್ಳು ಹೇಳಿದ ಬಾಯಿಗೆ ಅದು ಬರಲಿಲ್ಲ. ಚಪ್ಪಲಿ ಮೆಟ್ಟಿ ಇಳಿದೆ.

ಹೊಸನಗರ

ಪರದೇಶಕ್ಕೆ ನೇರ ವಾಹನ ಸಿಗುವುದು ಭಾಗ್ಯವಂತರಿಗೆ ಮಾತ್ರ. ನಾನು ಹೊಸನಗರದಲ್ಲಿ ಇಳಿದು ಬಸ್ಸು ಬದಲಾಯಿಸಬೇಕಾಯಿತು. ಹೊಸನಗರದಲ್ಲಿ ಬಸ್ಸಿಗೆ ಕಾಯುವುದು ಒಂದು ಕೆಲಸವಲ್ಲ, ಜೀವನಕ್ರಮ. ಅಲ್ಲಿಯವರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದಿಲ್ಲ, "ಹೋಯ್ತಾ?" ಎಂದು ಕೇಳುತ್ತಾರೆ. "ಇಲ್ಲ" ಎಂದರೆ ಸಮಾಧಾನದಿಂದ ಕೂರುತ್ತಾರೆ, "ಹೋಯ್ತು" ಎಂದರೆ ಇನ್ನೂ ಸಮಾಧಾನದಿಂದ.

ನಾನು ಕುಳಿತ ಬೆಂಚಿಗೆ ಎದುರಾಗಿ, ರಸ್ತೆಯಾಚೆ, ಒಂದು ವೈನ್ ಶಾಪು. ಬೆಳಗ್ಗೆಯೇ ತೆರೆದಿತ್ತು. ತಾಲ್ಲೂಕು ಕೇಂದ್ರದಲ್ಲಿ ಹೊತ್ತಿಗೆ ಸರಿಯಾಗಿ ತೆರೆಯುವ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎನ್ನದ, ನಾಳೆ ಬನ್ನಿ ಎನ್ನದ ಕಚೇರಿ ಅದೊಂದೇ. ಬೆಂಚಿನ ಮೇಲೆ ತಿರುಗಿ, ಗೋಡೆಗೆ ಮುಖ ಮಾಡಿ ಕುಳಿತೆ. ಗೋಡೆಯಲ್ಲಿ ಯಾರೋ ಸುಣ್ಣದ ಬೆರಳು ಒರೆಸಿದ ಗುರುತುಗಳಿದ್ದವು. ಬಸ್ಸು ಬರುವವರೆಗೆ ಅವನ್ನೇ ನೋಡಿದೆ. ಪಕ್ಕದಲ್ಲಿದ್ದ ಅಜ್ಜಿ, "ಎಂತ ಆಯ್ತು ನಿಮಗೆ? ತಲೆ ಸುತ್ತತ್ತಾ?" ಎಂದಳು. "ಇಲ್ಲ, ಬಿಸಿಲು" ಎಂದೆ. ನಾವಿಬ್ಬರೂ ನೆರಳಿನಲ್ಲಿದ್ದೆವು.

ಬಸ್ಸು ತೀರ್ಥಹಳ್ಳಿ ದಾರಿ ಹಿಡಿದ ಮೇಲೆ ನನ್ನ ಪಾಸ್‌ಪೋರ್ಟು ಸಿದ್ಧಪಡಿಸಿಕೊಳ್ಳತೊಡಗಿದೆ. ಹೆಸರು: ಶ್ರೀಪಾದ. ಇದು ನನ್ನದಲ್ಲ, ಕೇಳಲು ಮರ್ಯಾದೆಯಾಗಿದೆ. ಊರು? ಅಷ್ಟರಲ್ಲಿ ಕಂಡಕ್ಟರು, "ಮುಂಡಿಗೆಜಡ್ಡು! ಮುಂಡಿಗೆಜಡ್ಡು ಇಳಿಯೋರು ಬಾಗ್ಲಿಗೆ ಬನ್ನಿ!" ಎಂದು ಕೂಗಿದ. ಒಬ್ಬ ಹೆಂಗಸು ಹಾಲಿನ ಕ್ಯಾನು ಹಿಡಿದು ಇಳಿದಳು. ಎರಡು ಅಂಗಡಿ, ಒಂದು ಅರಳಿಮರ, ಮೇಲೆ ಹತ್ತುವ ಒಂದು ಮಣ್ಣು ರಸ್ತೆ. ಇಷ್ಟು ಸಣ್ಣ ಊರಿನವನೆಂದು ಹೇಳಿಕೊಂಡರೆ ಯಾರಿಗೆ ಗೊತ್ತಾದೀತು? ಮುಂಡಿಗೆಜಡ್ಡಿನ ಶ್ರೀಪಾದನಾಗಿ ನಾನು ತೀರ್ಥಹಳ್ಳಿಯಲ್ಲಿ ಇಳಿದೆ.

ತೀರ್ಥಹಳ್ಳಿ

ಪರದೇಶದಲ್ಲಿ ದಾರಿ ಕೇಳುವುದು ಕಷ್ಟ ಎನ್ನುತ್ತಾರೆ. "ಇಲ್ಲಿ ಕುಡುಕರ ಸಭೆ ಎಲ್ಲಿ?" ಎಂದು ಕೇಳಬೇಕಾದವನ ಕಷ್ಟ ಅವರಿಗೆ ಗೊತ್ತಿಲ್ಲ. ಹಿಟ್ಟಿನ ಗಿರಣಿಯ ಮಹಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಗಿರಣಿ ಎಲ್ಲಿ ಎಂದು ವಿಚಾರಿಸುತ್ತ ಹೋದೆ. ಸಿಕ್ಕಿತು. ಮೈಯೆಲ್ಲ ಹಿಟ್ಟಾಗಿದ್ದ ಗಿರಣಿಯವನು ನನ್ನ ಎರಡು ಖಾಲಿ ಕೈಗಳನ್ನು ನೋಡಿದ.

"ಅಕ್ಕಿನಾ, ರಾಗಿನಾ?"

"ಅದು... ಸುಮ್ಮನೆ ವಿಚಾರಿಸಲು ಬಂದೆ."

"ಸಭೆಗಾ? ಪಕ್ಕದ ಮೆಟ್ಲು ಹತ್ತಿ. ಚಪ್ಪಲಿ ಮೇಲೇ ಬಿಡಿ, ಇಲ್ಲಿ ಬಿಟ್ರೆ ನಾಯಿ ಒಯ್ತದೆ." ಅವನು ಮತ್ತೆ ಯಂತ್ರದ ಕಡೆ ತಿರುಗಿದ. ಶನಿವಾರ ಬರಿಗೈಯಲ್ಲಿ ಗಿರಣಿ ಕೇಳಿಕೊಂಡು ಬರುವವರು ಯಾರೆಂಬುದು ತೀರ್ಥಹಳ್ಳಿಯಲ್ಲಿ ರಹಸ್ಯವಾಗಿರಲಿಲ್ಲ.

ಮೇಲೆ ಒಂದು ಉದ್ದ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು. ಕೆಳಗಿನ ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಇದು ಉಪಕಾರವೇ ಆಯಿತು. ಯಾರ ಕೈ ನಡುಗುತ್ತಿದೆ, ಯಾರದು ಇಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ಏಳೆಂಟು ಜನ ಇದ್ದರು. ಆಟೋ ಓಡಿಸುವ ಲೋಕಪ್ಪ ಎಂಬಾತ ಸಭೆ ನಡೆಸುವವನು. ಅವನು ಎಲ್ಲರಿಗೂ ಲೋಟದಲ್ಲಿ ಚಹಾ ಹಂಚುತ್ತಿದ್ದ. "ಕೂತ್ಕಳಿ ಸಾರ್. ಇಲ್ಲಿ ಹೆಸರಿನ ಮುಂದೆ ಹಿಂದೆ ಎಂತದೂ ಬೇಡ. ಇಲ್ಲಿ ಕೇಳಿದ್ದು ಇಲ್ಲೇ" ಎಂದ. "ಶ್ರೀಪಾದ" ಎಂದೆ ನಾನು.

ನಿಯಮ ಚೆನ್ನಾಗಿದೆ. ಆದರೆ ಅದನ್ನು ಮಾಡಿದವರು ಮಲೆನಾಡಿಗೆ ಬಂದವರಲ್ಲ. ನಮ್ಮ ಕಡೆ ಇಬ್ಬರು ಪಕ್ಕಪಕ್ಕ ಕುಳಿತು ಒಂದು ಲೋಟ ಚಹಾ ಮುಗಿಸುವುದರೊಳಗೆ ಊರು, ಮನೆ, ತಾಯಿಯ ತವರು, ಎಲ್ಲ ಹೊರಬಿದ್ದು, ಕೊನೆಗೆ ಎಲ್ಲೋ ಒಂದು ಕಡೆ ನೆಂಟಸ್ತನ ಸಿಕ್ಕದೆ ಯಾರಿಗೂ ನೆಮ್ಮದಿಯಿಲ್ಲ. ನನ್ನ ಪಕ್ಕದಲ್ಲಿದ್ದವನ ಹೆಸರು ತಿಮ್ಮಪ್ಪ. ಮೂರನೆಯ ಗುಟುಕಿಗೆ ಅವನು ತಡೆಯಲಾರದೆ ಹೋದ.

"ಯಾವ ಕಡೆಯವ್ರು ಆಯ್ತು?"

"ತಿಮ್ಮಪ್ಪಾ" ಎಂದ ಲೋಕಪ್ಪ ದೂರದಿಂದಲೇ.

"ನಾ ಎಂತ ಮನೆತನ ಕೇಳಿದ್ನಾ ಮಾರಾಯಾ? ಊರು ಕೇಳ್ದೆ ಅಷ್ಟೇ."

"ಮುಂಡಿಗೆಜಡ್ಡು" ಎಂದೆ ನಾನು, ಗಂಭೀರವಾಗಿ.

ತಿಮ್ಮಪ್ಪನ ಲೋಟ ಬಾಯಿಯ ಹತ್ತಿರ ನಿಂತಿತು. "ನಮ್ಮೂರೇ ಅಲ್ರಾ! ನಾನು ನಿಮ್ಮನ್ನ ಕಂಡೇ ಇಲ್ವಲ್ಲ. ಯಾರ ಮನೆ?"

ಮಲೆನಾಡಿನ ಊರೆಂದ ಮೇಲೆ ಏರು ಇರುತ್ತದೆ. ಏರು ಇದ್ದ ಮೇಲೆ ಮೇಲೊಂದು ಮನೆ ಇರುತ್ತದೆ. ನಿವೃತ್ತ ಅಧ್ಯಾಪಕನ ತರ್ಕಶಕ್ತಿ ಕೈಬಿಡಲಿಲ್ಲ. "ಮೇಲಿನಮನೆ. ಊರು ಬಿಟ್ಟು ಬಹಳ ವರ್ಷ ಆಯ್ತು."

ತಿಮ್ಮಪ್ಪ ಲೋಟವನ್ನು ನೆಲಕ್ಕಿಟ್ಟು ಎದ್ದು ನಿಂತ. "ಸೂರಣ್ಣನ ಮನೆಯವ್ರಾ? ಹಾಗಾದ್ರೆ ನಿಮಗೆ ಸೂತಕ ಅಲ್ವಾ! ಮೊನ್ನೆ ತಾನೆ ಅವ್ರನ್ನ ಸುಟ್ಟು ಬಂದ್ವಲ್ಲ ನಾವು."

ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಸುಳ್ಳು ಹೇಳಿ ಆಸ್ತಿ ಹೊಡೆದವರನ್ನು ಕೇಳಿದ್ದೇನೆ. ಸುಳ್ಳು ಹೇಳಿ ಒಂದು ಸಾವನ್ನು ಸಂಪಾದಿಸಿದವನು ನಾನೊಬ್ಬನೇ ಇರಬೇಕು.

ಕಿಟಕಿಯ ಪಕ್ಕದ ಕುರ್ಚಿಗೆ ನನ್ನನ್ನು ಕೈಹಿಡಿದು ಕರೆದೊಯ್ದು ಕೂರಿಸಿದರು. ಅದು ಸೂರಣ್ಣ ಕೂರುತ್ತಿದ್ದ ಜಾಗವಂತೆ. ಲೋಕಪ್ಪ ಹೇಳತೊಡಗಿದ. ಸೂರಣ್ಣ ಹನ್ನೊಂದು ತಿಂಗಳಿಂದ ಪ್ರತಿ ಶನಿವಾರ ಬರುತ್ತಿದ್ದರು. ಅಷ್ಟು ದಿನವೂ ಒಂದು ತೊಟ್ಟು ಮುಟ್ಟಿರಲಿಲ್ಲ. ಆದರೆ ಅವರ ಯಕೃತ್ತು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಹೋದ ಶನಿವಾರ ಹೊಟ್ಟೆ ಹಿಡಿದುಕೊಂಡೇ ಬಂದು, ಹಿಡಿದುಕೊಂಡೇ ಹೋದರು.

"ಮನೇಲಿ ಹೇಳಿರ್ಲಿಲ್ಲ ಅವ್ರು" ಎಂದ ತಿಮ್ಮಪ್ಪ. "ಮೂರು ಸಲ ಬಿಟ್ಟೆ ಅಂತ ಹೆಂಡ್ತಿಗೆ ಹೇಳಿ, ಮೂರು ಸಲನೂ ಸೋತಿದ್ರು. ನಾಲ್ಕನೇ ಸಲ ಹೇಳೋ ಮುಖ ಇಲ್ಲ ತಿಮ್ಮಪ್ಪಾ, ಒಂದು ವರ್ಷ ಆಗ್ಲಿ, ಆಮೇಲೆ ಹೇಳ್ತೀನಿ ಅಂತಿದ್ರು."

ಕಿಟಕಿಯ ಸರಳಿಗೆ ಒಂದು ಕಪ್ಪು ಕೊಡೆ ತೂಗುತ್ತಿತ್ತು. ಸೂರಣ್ಣ ಹೋದ ಶನಿವಾರ ಮರೆತು ಹೋದದ್ದು. ಲೋಕಪ್ಪ ಅದನ್ನು ತೆಗೆದು, ದೇವರ ಪ್ರಸಾದ ಕೊಡುವಂತೆ ಎರಡೂ ಕೈಯಿಂದ ನನ್ನ ತೊಡೆಯ ಮೇಲಿಟ್ಟ. "ಮನೆಯವ್ರು ಅಂತ ನೀವೊಬ್ರು ಬಂದ್ರಲ್ಲ. ಎರಡು ಮಾತು ಹೇಳಿ ಸಾರ್."

ಎರಡಲ್ಲ, ಇನ್ನೂರು ಮಾತು ನನ್ನಲ್ಲಿ ಸಿದ್ಧವಿದ್ದವು. ಭೀಷ್ಮನ ಶರಶಯ್ಯೆಯಿಂದಲೇ ಒಂದು ಭಾಗ ಕಿತ್ತು ಕೊಟ್ಟಿದ್ದರೆ ಎಲ್ಲರೂ ಅಳುತ್ತಿದ್ದರು. ಗಂಟಲು ಸರಿಮಾಡಿಕೊಂಡೆ. ಕೊಡೆಯ ಬಟ್ಟೆಯ ಅಂಚಿಗೆ ಕೈ ತಾಗಿತು. ಅಲ್ಲಿ ಕೆಂಪು ದಾರದಲ್ಲಿ "ಸೂ. ಮೇಲಿನಮನೆ" ಎಂದು ಹೊಲಿದಿತ್ತು. ಮದುವೆ ಮನೆಗಳಲ್ಲಿ ಕೊಡೆ ಬದಲಾಗಬಾರದೆಂದು ನಮ್ಮ ಕಡೆ ಹೆಂಗಸರು ಹೀಗೆ ಹೊಲಿಯುತ್ತಾರೆ. ಮನೆತನ ಹೇಳಬಾರದ ಆ ಕೋಣೆಯಲ್ಲಿ ಹನ್ನೊಂದು ತಿಂಗಳೂ ಶನಿವಾರ ಶನಿವಾರ ಈ ಕೊಡೆ ತನ್ನ ಹೆಸರು, ಮನೆ ಎರಡನ್ನೂ ಹೇಳಿಕೊಂಡು ತೂಗಿತ್ತು. ಸಾವಿತ್ರಿಯೂ ನನ್ನ ಕೊಡೆಗೆ ಹೊಲಿಯುತ್ತಿದ್ದಳು, ಕಣ್ಣು ಕಾಣುತ್ತಿದ್ದಷ್ಟು ಕಾಲ.

"ನಾನು ಆ ಮನೆಯವನಲ್ಲ" ಎಂದೆ. "ಮುಂಡಿಗೆಜಡ್ಡಿನವನೂ ಅಲ್ಲ. ಕಂಡಕ್ಟರು ಕೂಗಿದ್ದು ಕೇಳಿ ಆ ಹೆಸರು ಹಿಡಕೊಂಡೆ. ನನ್ನ ಹೆಸರು ಶ್ರೀಪಾದನೂ ಅಲ್ಲ, ನರಹರಿ. ಸಾಗರದಲ್ಲಿ ಮಾಷ್ಟ್ರಾಗಿದ್ದೆ." ಹೇಳತೊಡಗಿದ ಮೇಲೆ ಸಿರಿಂಜಿನ ಕಥೆಯೂ ಬಂತು. ಅರ್ಥಗಾರಿಕೆಯ ಒಂದು ಅಲಂಕಾರವೂ ಇಲ್ಲದೆ ನಾನು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು.

ಮುಗಿಯುವ ಹೊತ್ತಿಗೆ ಕೆಳಗೆ ಗಿರಣಿ ನಿಂತಿತ್ತು.

"ತಿಮ್ಮಪ್ಪ ಮೊದಲ ದಿನ ಶಿಕಾರಿಪುರದವನಾಗಿದ್ದ" ಎಂದ ಲೋಕಪ್ಪ. "ಇಲ್ಲಿಗೆ ಬರೋರೆಲ್ಲ ಮೊದಲ ದಿನ ಬೇರೆ ಮನೆಯಿಂದ್ಲೇ ಬರೋದು ಸಾರ್. ಚಹಾ ಆರಿತು, ಕುಡೀರಿ."

ಕೊಡೆಯನ್ನು ವಾಪಸು ಕೊಡಲು ಹೋದೆ. ತಿಮ್ಮಪ್ಪ ತೆಗೆದುಕೊಳ್ಳಲಿಲ್ಲ. "ನಾ ಒಯ್ದು ಕೊಟ್ರೆ ನಿಂಗೆಲ್ಲಿ ಸಿಕ್ತು ಅಂತಾರೆ. ಊರಲ್ಲಿ ನಂದೂ ಯಾರಿಗೂ ಗೊತ್ತಿಲ್ಲ ಮಾಷ್ಟ್ರೇ. ನಿಮ್ಮ ಬಸ್ಸು ಹೇಗೂ ಆ ದಾರೀಲೇ ಹೋಗ್ತದೆ. ನೀವು ಪರಸ್ಥಳದವ್ರು."

ಆ ದಿನ ಮೊದಲ ಸಲ ಯಾರೋ ನನ್ನನ್ನು ಪರಸ್ಥಳದವನೆಂದು ಒಪ್ಪಿದರು. ಹೊರಡುವಾಗ ಲೋಕಪ್ಪ ಮೆಟ್ಟಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಕೊಡೆ ಕೊಡಿ. ಆದ್ರೆ ಅವ್ರು ಇಲ್ಲಿ ಹೇಳ್ಕೊಂಡಿದ್ದು ಅಲ್ಲಿ ಹೇಳೋ ಹಾಗಿಲ್ಲ. ಹೇಳ್ಲೇಬೇಕು ಅಂದ್ರೆ ನಿಮ್ದು ಹೇಳ್ಕಳಿ."

ಮುಂಡಿಗೆಜಡ್ಡು

ಕಂಡಕ್ಟರು ಕೂಗುವ ಮೊದಲೇ ಎದ್ದು ನಿಂತೆ. ಅಧಿಕೃತವಾಗಿ ನನ್ನ ಊರಲ್ಲವೇ. ಮಣ್ಣು ರಸ್ತೆ ಹತ್ತಿದರೆ ಮೇಲಿನಮನೆ, ನನ್ನ ತರ್ಕದ ಪ್ರಕಾರವೇ, ಎಲ್ಲಕ್ಕಿಂತ ಮೇಲಿತ್ತು. ಅಂಗಳದಲ್ಲಿ ಬಿಳಿ ಪಂಚೆ ಒಣಗುತ್ತಿತ್ತು. ಜಗಲಿಯಲ್ಲಿ ಸೂರಣ್ಣನ ತಮ್ಮನಿರಬೇಕು, ಬರಿಮೈಯಲ್ಲಿ ಕುಳಿತಿದ್ದ. ಕಂಬದ ಹತ್ತಿರ ಒಬ್ಬ ಹೆಂಗಸು. ಯಾರೂ "ಬನ್ನಿ" ಎನ್ನಲಿಲ್ಲ, ಕುಡಿಯಲು ಏನು ಬೇಕೆಂದು ಕೇಳಲಿಲ್ಲ. ಸೂತಕದ ಮನೆಯಲ್ಲಿ ಕೇಳುವುದಿಲ್ಲ.

"ಇದು ನಿಮ್ಮ ಮನೆಯ ಕೊಡೆ. ತೀರ್ಥಹಳ್ಳಿಯಲ್ಲಿ ಉಳಿದಿತ್ತು" ಎಂದು ಜಗಲಿಯ ಅಂಚಿಗಿಟ್ಟೆ.

ತಮ್ಮ ಅದನ್ನು ಮುಟ್ಟಲಿಲ್ಲ. "ಯಾವ್ದೋ ಬಾರಲ್ಲಿ ಬಿಟ್ಟಿಕ್ಕು" ಎಂದ, ನನಗಲ್ಲ, ಅಂಗಳಕ್ಕೆ. "ಸಾಯ ವಾರವೂ ಕುಡಿಯದು ಬಿಟ್ಟಿದ್ದಿಲ್ಲೆ ನೋಡು ಅತ್ತಿಗೆ."

ಅವಳು ಕೊಡೆಯ ಹತ್ತಿರ ಬಂದು ಕುಳಿತು, ಕೆಂಪು ದಾರದ ಮೇಲೆ ಬೆರಳಿಟ್ಟಳು. "ಶನಿವಾರ ಶನಿವಾರ ತೀರ್ಥಹಳ್ಳಿಗೆ ಹೋಗ್ತಿದ್ರು. ಕುಡಿಯಕ್ಕೇ ಹೇಳಿ ಗೊತ್ತಿತ್ತು. ಆನು ಕೇಳದೂ ಬಿಟ್ಟಿದ್ದಿ, ಹತ್ರ ಹೋಪದೂ ಬಿಟ್ಟಿದ್ದಿ." ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೊಗೆ ಎಲ್ಲಿ ಸಿಕ್ತು?"

ಸತ್ತವನ ಮಾತು ನನ್ನದಲ್ಲ. ಅದನ್ನು ಆಡುವ ಅಧಿಕಾರ ನನಗಿರಲಿಲ್ಲ. ಆದರೆ ಲೋಕಪ್ಪ ಒಂದು ಬಾಗಿಲು ತೆರೆದಿಟ್ಟಿದ್ದ.

"ತಾಯೀ, ನಾನು ಸಾಗರದ ಒಬ್ಬ ಕುಡುಕ" ಎಂದೆ. "ಕುಡಿಯೋದನ್ನ ಬಿಡಬೇಕು ಅಂತ ಇವತ್ತು ತೀರ್ಥಹಳ್ಳಿಗೆ ಹೋಗಿದ್ದೆ. ಬಿಡೋರು ಶನಿವಾರ ಶನಿವಾರ ಅಲ್ಲಿ ಒಂದು ಕೋಣೇಲಿ ಸೇರ್ತಾರೆ. ಬರೀ ಚಹಾ ಕೊಡ್ತಾರೆ. ಈ ಕೊಡೆ ಆ ಕೋಣೆಯ ಕಿಟಕೀಲಿ ತೂಗ್ತಿತ್ತು."

ಅವಳು ನನ್ನನ್ನೇ ನೋಡಿದಳು. "ಬರೀ ಚಹಾ" ಎಂದಳು ಅವಳು, ಯಾರಿಗೂ ಅಲ್ಲ. ಕೊಡೆಯನ್ನು ತೆಗೆದು ಎದೆಗೆ ಅವಚಿಕೊಂಡಳು. ಆಮೇಲೆ ಬಂದ ದನಿಯನ್ನು ನಾನು ಬರೆಯಲಾರೆ. ಒಳ್ಳೆಯ ಸುದ್ದಿ ತಂದೆನೋ, ಅವಳ ಹನ್ನೊಂದು ತಿಂಗಳನ್ನು ಕಿತ್ತುಕೊಂಡೆನೋ ಇಂದಿಗೂ ನನಗೆ ತಿಳಿದಿಲ್ಲ.

ಸೂತಕದ ಮನೆಯಿಂದ ಹೊರಡುವಾಗ "ಹೋಗಿ ಬರುತ್ತೇನೆ" ಎನ್ನಬಾರದು. ಸುಮ್ಮನೆ ಇಳಿದು ಬಂದೆ. ಬೆಳಗ್ಗೆ ನಾನು ನನ್ನ ಮನೆಯಿಂದ ಹೊರಟದ್ದೂ ಹೀಗೆಯೇ ಎಂಬುದು ಮಣ್ಣು ರಸ್ತೆಯ ಅರ್ಧಕ್ಕೆ ಬಂದಾಗ ನೆನಪಾಯಿತು.

ಮತ್ತೆ ಸಾಗರ

ಸಂಜೆ ಮನೆಗೆ ಬಂದಾಗ ಲಲಿತಕ್ಕ ಬಂದಾಗಿತ್ತು. ಸಾವಿತ್ರಿ ಕುರ್ಚಿಯಲ್ಲಿ ಕುಳಿತು ತೋಳಿನ ಸೆರಗು ಸರಿಸಿಕೊಂಡಿದ್ದಳು. ವಾಡಿಕೆಯಂತೆ ನಾನು ಜಗಲಿಯಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

"ತಾಳಮದ್ದಳೆ ಚೊಲೋ ಆತಾ?" ಎಂದಳು ಸಾವಿತ್ರಿ. ತಲೆಯೆತ್ತಲಿಲ್ಲ. ಕೇಳುವುದನ್ನು ಬಿಡುವುದಕ್ಕೆ ಒಂದೇ ಮೆಟ್ಟಿಲು ಬಾಕಿ ಇರುವವರು ಕೇಳುವ ಹಾಗೆ ಕೇಳಿದಳು.

ಲಲಿತಕ್ಕನ ಎದುರು ಹೇಳಿದ್ದು ಮಾರನೆಯ ದಿನ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಹೆದರಿಯೇ ನಾನು ಅಷ್ಟು ದೂರದ ಪರದೇಶಕ್ಕೆ ಹೋಗಿದ್ದು.

"ತಾಳಮದ್ದಳೆ ಇತ್ತಿಲ್ಲೆ" ಎಂದೆ. "ಆನು ಕುಡಿಯದು ಬಿಡವ್ರ ಸಭೆಗೆ ಹೋಗಿದ್ದಿ. ಹೊಸನಗರದಲ್ಲಿ ಅಂಗಡಿ ಎದುರೇ ಕೂತಿದ್ದಿ. ಒಳಗೆ ಹೋಯ್ದಿಲ್ಲೆ. ಇವತ್ತು ಇಷ್ಟೇಯ."

ಲಲಿತಕ್ಕ ಸಿರಿಂಜು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಸಾವಿತ್ರಿ ತನ್ನ ಮಂಜುಗಣ್ಣನ್ನು ನಾನಿರುವ ಕಡೆಗೆ ಎತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಅವಳಿಗೆ ಎಷ್ಟು ಕಂಡಿತೋ. ಆಮೇಲೆ ತೋಳನ್ನು ಲಲಿತಕ್ಕನ ಕಡೆಗೇ ಚಾಚಿದಳು.

"ಲಲಿತಾ, ನಾಳೆನೂ ಬಾ. ನಾಡಿದ್ದೂ ಬಾ" ಎಂದಳು. ಸೂಜಿ ಇಳಿಯುವಾಗ ಕಣ್ಣು ಮುಚ್ಚಿಕೊಂಡಳು. "ಶನಿವಾರ ಮಾತ್ರ ಸ್ವಲ್ಪ ಬೇಗ ಬಾರೆ. ಇವ್ರಿಗೆ ಬಸ್ಸಿಗಿಂತ ಮೊದ್ಲು ತಿಂಡಿ ಆಗ್ಬೇಕು."

ಸೂಜಿಯ ಮುಚ್ಚಳ ಕೆಳಗೆ ಬಿದ್ದು ಕುರ್ಚಿಯ ಕಾಲಿನ ಹತ್ತಿರ ಉರುಳಿತ್ತು. ಬಗ್ಗಿ ಎತ್ತಿಕೊಟ್ಟೆ. ಲಲಿತಕ್ಕ ತೆಗೆದುಕೊಂಡಳು.